ನಾನು ಕೇಳದ ಗಂಟೆ, ಅವ್ವ ಇಟ್ಟ ಬೊಟ್ಟು

ಗಂಟೆ ಹೊಡೆದಿತ್ತು. ಇಷ್ಟನ್ನು ಒಪ್ಪಿಕೊಳ್ಳಲು ನನಗೆ ಐದು ತಿಂಗಳು ಬೇಕಾಯಿತು. ಅದಕ್ಕೇ ಮೊದಲ ಸಾಲಿನಲ್ಲೇ ಬರೆದು ಮುಗಿಸುತ್ತಿದ್ದೇನೆ. ಪುಣೆಯ ಕುದುರೆ ಸವಾರಿ ಕೂಟದಲ್ಲಿ, ಎರಡನೇ ದಿನ, ನನ್ನ ಸರದಿಯಲ್ಲಿ ತೀರ್ಪುಗಾರರು ಗಂಟೆ ಹೊಡೆದಿದ್ದರು. ಹೊಡೆಯಲಿಲ್ಲ ಎಂದು ನಾನು ಬರೆದುಕೊಟ್ಟ ಎರಡು ಪುಟದ ಆಕ್ಷೇಪಣೆಯ ಪ್ರತಿ ಇನ್ನೂ ನನ್ನ ಬಳಿ ಇದೆ. ಚೆನ್ನಾಗಿದೆ. ಇವತ್ತು ಓದಿದರೂ ಅದರಲ್ಲಿ ಒಂದು ತರ್ಕದೋಷ ಸಿಗುವುದಿಲ್ಲ. ಅದು ಸುಳ್ಳು, ಅಷ್ಟೇ.

ನನ್ನ ಊರು ಚಿಂತಾಮಣಿ. ಅಪ್ಪ ಪಶುವೈದ್ಯರು, ಅಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ನಮ್ಮದು ಬೌದ್ಧ ಮನೆ. ಪ್ರಶ್ನೆ ಕೇಳಿದರೆ ಬೈಯುವವರಿಲ್ಲ, ಕೇಳದೆ ನಂಬಿದರೆ ಬೈಗುಳ ಖಂಡಿತ. ಆ ಮನೆಯಲ್ಲಿ ಬೆಳೆದು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಮಾತಾಡಿ, ಪರ ಕೊಟ್ಟರೂ ವಿರೋಧ ಕೊಟ್ಟರೂ ಗೆಲ್ಲುವುದನ್ನು ಕಲಿತೆ. ಕುದುರೆಯ ಹುಚ್ಚು ಅಪ್ಪನಿಂದ ಬಂದದ್ದು. ಚಿಕ್ಕಬಳ್ಳಾಪುರದ ಹೊರಗೆ, ಎದುರಿಗೇ ಸ್ಕಂದಗಿರಿ ಕಾಣುವ ಒಂದು ತೋಟದಲ್ಲಿ ಕುದುರೆಲಾಯ ಇದೆ. ಅಲ್ಲಿನ ಕುದುರೆಗಳ ಗೊರಸು, ಹೊಟ್ಟೆನೋವು ನೋಡಲು ಹೋಗುವಾಗ ಅಪ್ಪ ಬೇಸಿಗೆ ರಜೆಯಲ್ಲಿ ನನ್ನನ್ನೂ ಜೀಪಿಗೆ ಹಾಕಿಕೊಳ್ಳುತ್ತಿದ್ದರು. ಹನ್ನೊಂದನೇ ವಯಸ್ಸಿಗೆ ಅಲ್ಲಿ ಕುದುರೆ ಹತ್ತಿದವಳು ಇಪ್ಪತ್ತಮೂರಕ್ಕೆ ದೇಶದ ದೊಡ್ಡ ಕೂಟಗಳಿಗೆ ಹೋಗುವಷ್ಟಾದೆ.

ನಾನು ಓಡಿಸುತ್ತಿದ್ದದ್ದು ರೇಸಿನಿಂದ ನಿವೃತ್ತನಾದ ಒಂದು ಕಂದು ಕುದುರೆ. ಕಾಗದದ ಮೇಲೆ ಅವನಿಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಅವನನ್ನು ನೋಡಿಕೊಳ್ಳುವ ಅಲೀಪುರದ ಹಸನ್ ಚಾಚಾ ಮಾತ್ರ ಜಮೀನ್ದಾರ ಎಂದೇ ಕರೆಯುವುದು. "ನೋಡ್ ಬೇಟಾ, ಬೇರೆಯವ್ರ ಹೊಲದಲ್ಲೂ ತನ್ದೇ ಅನ್ನೋ ಥರ ನಡೀತಾನೆ," ಎನ್ನುತ್ತಾರೆ. ಚಾಚಾಗೆ ಅರವತ್ತು ದಾಟಿದೆ. ಕುದುರೆ ಯಾವ ಊರಿಗೆ ಹೋದರೂ ಅದರ ಜೊತೆ ಲಾರಿಯಲ್ಲೇ ಹೋಗುವವರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರಿಂಗಿನೊಳಗೆ ಹನ್ನೆರಡೋ ಹದಿಮೂರೋ ಜಂಪುಗಳಿರುತ್ತವೆ, ಒಂದೊಂದಕ್ಕೂ ನಂಬರು. ನಂಬರಿನ ಕ್ರಮದಲ್ಲೇ, ಬಣ್ಣದ ಗಳುಗಳನ್ನು ಬೀಳಿಸದೆ, ಕೊಟ್ಟ ಸಮಯದೊಳಗೆ ಎಲ್ಲವನ್ನೂ ಹಾರಿಸಬೇಕು. ಕ್ರಮ ತಪ್ಪಿದರೆ ಹೊರಗೆ. ಶುರುವಾಗುವ ಮುಂಚೆ ಸವಾರರೆಲ್ಲ ಕಾಲ್ನಡಿಗೆಯಲ್ಲಿ ರಿಂಗ್ ಸುತ್ತುತ್ತೇವೆ. ನಮ್ಮ ನಾಲ್ಕು ಹೆಜ್ಜೆಗೆ ಕುದುರೆಯ ಒಂದು ನೆಗೆತ ಎಂದು ಲೆಕ್ಕ ಹಾಕಿ, ಐದರಿಂದ ಆರಕ್ಕೆ ಆರು ನೆಗೆತ, ಆರರಿಂದ ಏಳಕ್ಕೆ ನಾಲ್ಕು ಎಂದು ಬಾಯಿಪಾಠ ಮಾಡುತ್ತೇವೆ. ಓಡಿಸುವಾಗ ನಾನು ಆ ನೆಗೆತಗಳನ್ನು ಜೋರಾಗಿ ಎಣಿಸುತ್ತೇನೆ, ತೆಲುಗಿನಲ್ಲಿ. ಎಣಿಕೆ ಕಲಿಸಿದ್ದು ಅಪ್ಪನ ತಾಯಿ, ನಮ್ಮ ಅವ್ವ. ಕುದುರೆ ಮೇಲಿದ್ದಾಗ ಬೇರೆ ಭಾಷೆಯ ಅಂಕಿಗಳು ಬಾಯಿಗೆ ಬರುವುದಿಲ್ಲ.

ಆ ವರ್ಷದ ಚಳಿಗಾಲದಲ್ಲಿ ನಾಲ್ಕು ದೊಡ್ಡ ಕೂಟಗಳಿದ್ದವು. ಮೊದಲನೆಯದು ಬೆಂಗಳೂರಿನಲ್ಲಿ. ನಾಲ್ಕನೇ ಜಂಪು ಹಾರಿದ್ದು ನೆನಪಿದೆ. ಐದನೆಯದು ಎದುರಿಗೆ ಬರುತ್ತಿದ್ದದ್ದೂ ನೆನಪಿದೆ. ಆಮೇಲೆ ಶಿಳ್ಳೆ, ಕೂಗಾಟ. ಐದಾದ ಮೇಲೆ ಆರನೆಯದನ್ನು ಬಿಟ್ಟು ಒಂಬತ್ತನೆಯದನ್ನು ಹಾರಿದ್ದೆನಂತೆ. ಹೊರಗೆ ಬಂದಾಗ ಕೋಚ್ ಮೇಡಂ ನೀರಿನ ಬಾಟಲಿ ಕೊಟ್ಟು, "ಟೆನ್ಷನ್ ಕಣೇ, ಮೊದಲ್ನೇ ಶೋ ಅಲ್ವಾ," ಎಂದರು. ನಾನು ಒಪ್ಪಲಿಲ್ಲ. ಒಂಬತ್ತರ ನಂಬರಿನ ಫಲಕ ವಾಲಿತ್ತು, ಆ ಕೋನದಿಂದ ಆರರ ಹಾಗೆ ಕಂಡಿತು ಎಂದು ವಾದಿಸಿದೆ. ಸಂಜೆಯೊಳಗೆ ಇನ್ನಿಬ್ಬರು ಸವಾರರು, "ಹೌದು, ನಂಗೂ ಹಂಗೇ ಅನ್ನಿಸ್ತು," ಅನ್ನುವಂತೆ ಮಾಡಿದ್ದೆ. ಫಲಕ ನೆಟ್ಟಗೇ ಇತ್ತು.

ಎರಡನೆಯದು ಪುಣೆ. ಅಲ್ಲಿ ನಡೆದದ್ದನ್ನು ನನಗೆ ಗೊತ್ತಿದ್ದ ಹಾಗೆ ಹೇಳುತ್ತೇನೆ. ಜಮೀನ್ದಾರನ ಮೇಲೆ ರಿಂಗಿನೊಳಗೆ ಹೋದೆ. ತೀರ್ಪುಗಾರರಿಗೆ ತಲೆಬಾಗಿ ವಂದಿಸಿದೆ. ಗಂಟೆಗೆ ಕಾದೆ. ಗಂಟೆ ಹೊಡೆಯಿತು. ಹೊರಟೆ. ಮೊದಲನೇ ಜಂಪು ಸಲೀಸಾಗಿ ಹಾರಿದೆ, ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಹೇಳಿ, ನಿಲ್ಲಿಸಿ, ನೀವು ಹೊರಗೆ ಎಂದರು.

ಉಳಿದವರೆಲ್ಲ ನೋಡಿದ್ದು ಬೇರೆ. ನಾನು ವಂದಿಸಿದ ಕೂಡಲೇ ಗಂಟೆ ಹೊಡೆಯಿತು. ಅದಾದ ಮೇಲೆ ಹೊರಡಲು ನಲವತ್ತೈದು ಸೆಕೆಂಡು ಕೊಡುತ್ತಾರೆ; ಅದು ಮುಗಿದರೆ ಆಟದ ಗಡಿಯಾರ ತಾನಾಗಿ ಓಡಲು ಶುರುವಾಗುತ್ತದೆ. ಎರಡೂ ಓಡಿ ಮುಗಿದವು, ನಾನು ಕುದುರೆ ಮೇಲೆ ತಲೆ ಎತ್ತಿಕೊಂಡು ಕೂತೇ ಇದ್ದೆ. ಕೊನೆಗೆ, ನೀನು ಹೊರಗೆ ಎಂದು ತಿಳಿಸುವ ಗಂಟೆ ಹೊಡೆದರು. ನನಗೆ ಕೇಳಿಸಿದ ಗಂಟೆ ಅದೊಂದೇ. ಅದನ್ನೇ ಹೊರಡುವ ಗಂಟೆಯೆಂದುಕೊಂಡು ಹೊರಟಿದ್ದೆ.

ಈಗ ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಏನನ್ನು ನಂಬುತ್ತಿದ್ದಿರಿ? ಒಂದೇ ಗಂಟೆ ಕೇಳಿಸಿತು. ಹಾಗಾಗಿ ಒಂದೇ ಗಂಟೆ ಹೊಡೆದಿದ್ದಾರೆ. ಆಕ್ಷೇಪಣೆ ಬರೆದೆ. ಕೋಚ್ ಮೇಡಂ ತಮ್ಮ ಫೋನಿನ ವಿಡಿಯೋ ತೋರಿಸಿದರು, ಅದರಲ್ಲಿ ಎರಡು ಸಲ ಗಂಟೆ ಕೇಳುತ್ತಿತ್ತು. ಪಕ್ಕದ ರಿಂಗಿನ ಗಂಟೆಯೂ ಅದರಲ್ಲಿ ಸೇರಿಕೊಂಡಿರಬಹುದಲ್ಲ ಎಂದೆ. ಆಕ್ಷೇಪಣೆ ಬಿದ್ದುಹೋಯಿತು. ಆದರೂ ಮರುದಿನ ಸ್ಪೀಕರನ್ನು ಹತ್ತು ಅಡಿ ಈಚೆಗೆ ಸರಿಸಿದರು. ನಾನು ಅದನ್ನು ಗೆಲುವು ಎಂದು ಎಣಿಸಿದೆ.

ಚಾಚಾ ಒಬ್ಬರೇ ಬೇರೆ ಮಾತು ಆಡಿದ್ದು. ಕುದುರೆಯ ಬೆನ್ನು ಉಜ್ಜುತ್ತ, ನನ್ನ ಕಡೆ ನೋಡದೆ ಕೇಳಿದರು.

"ಬೇಟಾ, ಬೆಂಗ್ಳೂರಲ್ಲಿ ನೀನು ಎಣಿಸ್ತಾ ಇದ್ಯಲ್ಲ, ಒಕಟಿ ರೆಂಡು. ಐದನೇ ಜಂಪ್ ಹತ್ರ ನಿಂತೋಯ್ತು. ಯಾಕೆ?"

"ನಿಂತಿಲ್ಲ ಚಾಚಾ. ನೀವು ಎಲ್ಲಿದ್ರಿ?"

"ಗೇಟ್ ಹತ್ರ."

"ಗೇಟಿಂದ ಐದನೇ ಜಂಪ್ ಎಷ್ಟು ದೂರ? ಗಾಳಿ ಯಾವ ಕಡೆಯಿಂದ ಬೀಸ್ತಿತ್ತು? ನಾಲ್ಕನೇ ಜಂಪ್ ಹತ್ರ ಕೇಳಿಸ್ತಾ? ಒಂಬತ್ತರ ಹತ್ರ?"

ಚಾಚಾ ಬ್ರಷ್ ಕೊಡವಿದರು. "ಜಮೀನ್ದಾರ, ನೀನೇ ಹೇಳಪ್ಪ," ಎಂದು ಕುದುರೆಗೆ ಹೇಳಿದರು. "ನಿನ್ನ ಮಾತಿಗಾದ್ರೆ ಈ ವಕೀಲಮ್ಮ ಸವಾಲ್ ಹಾಕಲ್ಲ." ಆಮೇಲೆ ಆ ವಿಷಯ ಎತ್ತಲಿಲ್ಲ. ಈ ಇಡೀ ವರ್ಷದಲ್ಲಿ ನನಗೆ ಹೆಚ್ಚು ನಾಚಿಕೆ ತರುವ ಗೆಲುವು ಇದು.

ಮೂರನೆಯದು ದೆಹಲಿ. ಅಲ್ಲಿ ನಾನು ಒಂದೂ ಗಳು ಬೀಳಿಸಲಿಲ್ಲ. ಎರಡನೇ ಸ್ಥಾನ ಬಂತು. ಕೋಚ್ ಮೇಡಂ ತಬ್ಬಿಕೊಂಡು, "ಆ ಏಳು ಎಂಟು ಒಂಬತ್ತು, ಏನ್ ಓಡಿಸ್ದೆ ಮಾರಾಯ್ತಿ, ಲಗಾಮು ಇದ್ಯೋ ಇಲ್ವೋ ಅನ್ನೋ ಹಂಗೆ," ಎಂದರು. ನಾನು ನಕ್ಕೆ. ಏಳು, ಎಂಟು, ಒಂಬತ್ತು ನನಗೆ ಗೊತ್ತಿರಲಿಲ್ಲ. ಆರನೆಯದು ಹಾರಿದ್ದು ಗೊತ್ತು. ಅದಾದ ಕೂಡಲೇ ಹತ್ತನೆಯದು ಎದುರಿಗಿತ್ತು. ನಡುವೆ ಕತ್ತಲೆಯಾಗಲಿಲ್ಲ, ತಲೆ ಸುತ್ತಲಿಲ್ಲ. ಪುಸ್ತಕದಲ್ಲಿ ಎರಡು ಹಾಳೆ ಅಂಟಿಕೊಂಡಿದ್ದರೆ ಓದುವವರಿಗೆ ಏನಾದರೂ ಗೊತ್ತಾಗುತ್ತದೆಯೇ, ಹಾಗೆ. ವಿಡಿಯೋದಲ್ಲಿ ನೋಡಿದರೆ ಜಮೀನ್ದಾರ ತನ್ನ ಪಾಡಿಗೆ ತಾನು ಮೂರನ್ನೂ ಹಾರುತ್ತಿದ್ದಾನೆ, ನಾನು ಮೂಟೆಯಂತೆ ಮೇಲೆ ಕೂತಿದ್ದೇನೆ. ನನ್ನ ಜೀವನದ ಅತ್ಯುತ್ತಮ ಸುತ್ತಿನಲ್ಲಿ ನಾನು ಇರಲಿಲ್ಲ.

ಸೋತಾಗ ವಾದಿಸಲು ಜನರಿದ್ದರು, ತೀರ್ಪುಗಾರರಿದ್ದರು. ಗೆದ್ದಾಗ ಯಾರ ಮೇಲೆ ಆಕ್ಷೇಪಣೆ ಬರೆಯಲಿ? ಭಯ ಆಗ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಲ್ಕನೇ ಕೂಟಕ್ಕೆ ಕಳಿಸುವುದಿಲ್ಲ ಎಂದು ಗೊತ್ತಿತ್ತು. ನಿದ್ದೆ ಕಡಿಮೆಯಾಗಿರಬೇಕು ಎಂದುಕೊಂಡೆ. ಪ್ರಯಾಣದ ಸುಸ್ತು ಎಂದುಕೊಂಡೆ. ಚರ್ಚೆಯಲ್ಲಿ ಎದುರಾಳಿ ಇಷ್ಟು ಸಡಿಲವಾದ ಕಾರಣ ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಬೀಳಿಸುತ್ತಿದ್ದೆ.

ನಾಲ್ಕನೇ ಕೂಟಕ್ಕೆ ಎಂಟು ದಿನವಿದ್ದಾಗ, ಬೆಳಗಿನ ಅಭ್ಯಾಸ ಮುಗಿಸಿ ಲಾಯದ ಅಂಗಳದಲ್ಲಿ ಜಮೀನ್ದಾರನ ಮೇಲೆ ಕೂತಿದ್ದೆ. ಇಳಿಯಲೆಂದು ಜೀನಿನ ರಿಕಾಬಿನಿಂದ ಕಾಲು ತೆಗೆದದ್ದು ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ನಾಲಗೆ ಕಚ್ಚಿಹೋಗಿತ್ತು. ತಲೆಯ ಕೆಳಗೆ ಚಾಚಾನ ಟೋಪಿ, ಬಲಗೈಯಲ್ಲಿ ದಾಣಿ ಕೋಣೆಯ ಬೀಗದ ಕೈಗೊಂಚಲು, ಮೂಗಿನ ಹತ್ತಿರ ಯಾರೋ ಹಿಡಿದ ಅರ್ಧ ಈರುಳ್ಳಿ. "ಕೀ ಯಾರು ಕೊಟ್ಟಿದ್ದು? ಇದು ಮೂಢನಂಬಿಕೆ," ಎಂದು ನಾನು ತೊದಲಿದೆನಂತೆ. "ವಕೀಲಮ್ಮ ವಾಪಸ್ ಬಂದ್ಲು," ಎಂದರಂತೆ ಚಾಚಾ, ಈರುಳ್ಳಿಯವನನ್ನು ಆಚೆ ತಳ್ಳುತ್ತ.

ನಾನು ಬಿದ್ದು ಒದ್ದಾಡುವಷ್ಟು ಹೊತ್ತೂ ಜಮೀನ್ದಾರ ಪಕ್ಕದಲ್ಲೇ ಕದಲದೆ ನಿಂತಿದ್ದನಂತೆ. ಅವನಿಗೆ ಗೊತ್ತಾಯಿತು ಎಂದು ಲಾಯದವರೆಲ್ಲ ಹೇಳುತ್ತಾರೆ. ಅಲ್ಲಿ ಹುಲ್ಲು ಬಿದ್ದಿತ್ತು, ಅವನು ದಣಿದಿದ್ದ, ನಿಲ್ಲಲು ಅವನಿಗೆ ಬೇಕಾದಷ್ಟು ಕಾರಣಗಳಿದ್ದವು. ಆದರೆ ಹುಲ್ಲು ತಿನ್ನಲಿಲ್ಲ ಎಂದು ಚಾಚಾ ಹೇಳುತ್ತಾರೆ. ಗೊತ್ತಿಲ್ಲ. ಇದನ್ನು ತೀರ್ಮಾನ ಮಾಡದೆ ಹಾಗೇ ಇಟ್ಟಿದ್ದೇನೆ.

ಅಪ್ಪ ಹತ್ತಿರದ ಹಳ್ಳಿಯಲ್ಲಿ ದನಗಳಿಗೆ ಲಸಿಕೆ ಹಾಕುತ್ತಿದ್ದವರು ಕೈಗವಸಿನಲ್ಲೇ ಓಡಿ ಬಂದರು. ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನಾಡಿ ಹಿಡಿದರು, ಏನು ಮಾಡಬೇಕೆಂದು ತಿಳಿಯದೆ ಕತ್ತು ಸವರಿದರು. "ಹಸು ಆಗಿದ್ರೆ ನಾನೇ ನೋಡ್ತಿದ್ದೆ ಕಣಮ್ಮ," ಎಂದರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಬೆಂಗಳೂರಿನ ನರರೋಗ ತಜ್ಞರ ಬಳಿ ಹೋಗುವ ದಿನ ಅವ್ವ, ಬೇಡವೆಂದರೂ ಕೇಳದೆ, ಎಲೆಅಡಿಕೆ ಡಬ್ಬಿ ಸೆರಗಿಗೆ ಕಟ್ಟಿಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಎಲ್ಲರಿಗಿಂತ ಮೊದಲೇ ಕೂತಿದ್ದಳು. ಕೆಂಚಾರ್ಲಹಳ್ಳಿಯಲ್ಲಿ ಐವತ್ತು ವರ್ಷ ರೇಷ್ಮೆ ಹುಳ ಸಾಕಿ, ಗೂಡು ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಓಡಾಡಿದವಳು. ಮಂಡಿ ಸವೆದು ನಡೆಯಲು ಕಷ್ಟವಾದ ಮೇಲೆ ಚಿಂತಾಮಣಿಗೆ, ನಮ್ಮ ಜೊತೆ ಇರಲು ಬಂದಿದ್ದಳು.

ಕಾಯುವ ಕೋಣೆಯಲ್ಲಿ ಅರವತ್ತು ಕುರ್ಚಿ, ನೂರು ಜನ. ಟಿವಿಯಲ್ಲಿ ಶಬ್ದವಿಲ್ಲದ ಅಡುಗೆ ಕಾರ್ಯಕ್ರಮ. ಪಕ್ಕದಲ್ಲಿ ಗೌರಿಬಿದನೂರಿನ ಒಬ್ಬರು ಮೇಷ್ಟ್ರು ಕೂತಿದ್ದರು. ನಮ್ಮ ಟೋಕನ್ ನಂಬರು ಇಣುಕಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಮಗೂಗೆ ಫಿಟ್ಸಾ?" ಎಂದರು.

"ಇಲ್ಲ, ತಲೆನೋವು," ಎಂದಳು ಅಮ್ಮ ತಟ್ಟನೆ.

"ಹೂಂ. ಇಲ್ಲಿ ಕೂತಿರೋರೆಲ್ಲರ್ದೂ ತಲೆನೋವೇ ಬಿಡಿ." ಮೇಷ್ಟ್ರು ನಕ್ಕರು. "ನಂದು ಹನ್ನೊಂದು ವರ್ಷದ ತಲೆನೋವು. ಬೋರ್ಡ್ ಮೇಲೆ ಬರೀತಾ ಬರೀತಾ ಬಿದ್ದಿದ್ದೆ. ಹುಡುಗ್ರು ಆಮೇಲೆ ಒಂದು ವಾರ ಗಲಾಟೆನೇ ಮಾಡ್ಲಿಲ್ಲ. ಈಗ್ಲೂ ಕ್ಲಾಸ್ ಸದ್ದಾದ್ರೆ ಬೀಳ್ತೀನಿ ನೋಡಿ ಅಂತ ಹೆದರಿಸ್ತೀನಿ."

ಅಮ್ಮ ನಗಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ತನ್ನ ಚೀಲದಿಂದ ಚಕ್ಕುಲಿ ತೆಗೆದು ಅವರಿಗೂ ಒಂದು ಕೊಟ್ಟಳು. ಆ ಚಕ್ಕುಲಿಯನ್ನು ನಾನು ಮರೆತಿಲ್ಲ. ಅಲ್ಲಿಯವರೆಗೂ ಇದು ನಮ್ಮ ಮನೆಗೆ ಮಾತ್ರ ಬಂದ ಅವಮಾನವೆಂಬಂತೆ ಅವಳು ಸೆರಗು ಬಿಗಿದುಕೊಂಡು ಕೂತಿದ್ದಳು.

ಡಾಕ್ಟರು ನನ್ನ ಅಮ್ಮನ ವಯಸ್ಸಿನ ಹೆಂಗಸು. "ಏನಾಗುತ್ತೆ, ಹೇಳಿ," ಎಂದರು. ನಾನು ತಯಾರಾಗಿ ಬಂದಿದ್ದೆ. ಬೆಂಗಳೂರಿನ ಫಲಕ, ಪುಣೆಯ ಗಂಟೆ, ದೆಹಲಿಯ ನಿದ್ದೆಗೇಡು, ಒಂದೊಂದಕ್ಕೂ ಬೇರೆ ಬೇರೆ ಕಾರಣ ಕೊಟ್ಟು, ಇವು ಸಂಬಂಧವಿಲ್ಲದ ಘಟನೆಗಳು ಎಂದು ವಾದ ಮುಗಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ತುಂಬಾ ಚೆನ್ನಾಗಿ ಹೇಳ್ತೀರ. ಆದ್ರೆ ಆ ಹೊತ್ತಲ್ಲಿ ನೀವು ಅಲ್ಲಿರಲ್ಲ ಅಲ್ವಾ. ನೋಡಿದೋರು ಯಾರಾದ್ರೂ ಬಂದಿದ್ದೀರಾ?"

ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲ ಬಳಿಯ ಸ್ಟೂಲಿನಿಂದ ಅವ್ವ ಕೈ ಎತ್ತಿದಳು, ಶಾಲೆಯ ಮಗುವಿನಂತೆ.

"ನಾನು ನೋಡಿದ್ದೀನಮ್ಮ. ಶಾನೆ ಸಲ."

"ಏನು ನೋಡಿದ್ರಿ ಅಜ್ಜಿ?"

"ಹುಳ ಜ್ವರಕ್ಕೆ ಕೂರ್ತದಲ್ಲ, ಹಂಗೇ. ತಲೆ ಮೇಲಕ್ಕೆತ್ತಿ ಕೂತ್ಬುಡ್ತಾಳೆ. ಕರೆದ್ರೆ ಓ ಅನ್ನಲ್ಲ. ಕಣ್ಣು ತೆರೆದೇ ಇರ್ತದೆ, ನೋಟ ಇರಲ್ಲ. ಆದ್ರೆ ಹುಳ ಆವಾಗ ಸೊಪ್ಪು ತಿನ್ನಲ್ಲ. ಇವಳು ಇಲ್ದೇ ಇರೋ ಸೊಪ್ಪನ್ನ ಮೆಲ್ತಾಳೆ. ಬಲಗೈ ಬಟ್ಟೆ ತುದಿ ಹುಡುಕ್ದಂಗೆ ಆಡ್ತದೆ. ನಾನು ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚೋ ಅಷ್ಟು ಹೊತ್ತು. ಆಮೇಲೆ ತಲೆ ಇಳಿಸಿ, ಏನವ್ವ ಹಂಗ್ ನೋಡ್ತೀಯ ಅಂತ ನಂಗೇ ರೇಗ್ತಾಳೆ."

ಹುಳ ಸಾಕುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳದ ಬಾಳಿನಲ್ಲಿ ಅಂಥ ಜ್ವರ ನಾಲ್ಕು. ಆಗ ತಟ್ಟೆ ಅಲುಗಿಸಬಾರದು, ಮನೆಯಲ್ಲಿ ಸದ್ದು ಮಾಡಬಾರದು, ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು.

ಡಾಕ್ಟರು ಬರೆಯುತ್ತಲೇ ಇದ್ದರು. "ಯಾವಾಗಿಂದ ಅಜ್ಜಿ?"

"ಹೋದ ವರ್ಷ ಹುಣಸೆ ಬಡಿಯೋ ಕಾಲದಿಂದ."

ಅಂದರೆ ಮೊದಲ ಕೂಟಕ್ಕಿಂತ ಎಷ್ಟೋ ಮುಂಚಿನಿಂದ. ತಲೆಗೆ ಅಂಟು ಹಚ್ಚಿ ವೈರು ಸಿಕ್ಕಿಸುವ ಪರೀಕ್ಷೆ, ಗವಿಯೊಳಗೆ ಮಲಗಿಸುವ ಪರೀಕ್ಷೆ ಎಲ್ಲ ಆಮೇಲೆ ಆದವು. ಹೆಸರು ಮೂರ್ಛೆರೋಗವೆಂದೇ. ಬಿದ್ದು ಒದ್ದಾಡುವುದಷ್ಟೇ ಆ ರೋಗವಲ್ಲ, ಕೂತಲ್ಲೇ ಕಳೆದುಹೋಗುವುದೂ ಅದೇ ಎಂದು ತಿಳಿಯಿತು. "ಪರೀಕ್ಷೆ ಅರ್ಧ ಹೇಳುತ್ತೆ, ಉಳಿದಿದ್ದು ನಿಮ್ಮಜ್ಜಿ ಹೇಳಿದ್ದಾರೆ," ಎಂದರು ಡಾಕ್ಟರು. ಗುಳಿಗೆ ಬರೆದರು. ಕುದುರೆ ಎಂದು ನಾನು ಬಾಯಿ ತೆಗೆಯುವ ಮುಂಚೆಯೇ, "ಕೊನೇ ಸಲ ಬಂದ ದಿನದಿಂದ ಒಂದು ವರ್ಷ ಒಂದೂ ಬರಬಾರದು. ನಡುವೆ ಒಂದು ಬಂದ್ರೂ ಎಣಿಕೆ ಮತ್ತೆ ಮೊದಲಿಂದ. ಎಲ್ಲಾ ಬರೆದಿಡಿ. ನೀವಲ್ಲ, ಮನೆಯವರು," ಎಂದರು.

ಒಂದು ವರ್ಷ. ಜಮೀನ್ದಾರನಿಗೆ ಆಗ ಹದಿನಾರು ತುಂಬಿತ್ತು. ದೊಡ್ಡ ಜಂಪುಗಳಿಗೆ ಅವನಲ್ಲಿ ಉಳಿದದ್ದು ಬಹಳವೆಂದರೆ ಇನ್ನೆರಡು ಚಳಿಗಾಲ, ಅದರಲ್ಲಿ ಒಂದು ಈಗಲೇ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಜೀಪಿನಲ್ಲಿ ಅವ್ವನ ಮೇಲೆ ರೇಗಿದೆ. "ಒಂದು ವರ್ಷದಿಂದ ನೋಡ್ತಿದ್ದೀಯ. ಒಂದು ಮಾತು ಹೇಳಕ್ಕಾಗ್ಲಿಲ್ವಾ? ರಿಂಗಲ್ಲಿ ಕುದುರೆ ಮೇಲಿಂದ ಬಿದ್ದು ಕತ್ತು ಮುರಿದಿದ್ರೆ?"

"ಜ್ವರಕ್ಕೆ ಕೂತ ಹುಳಾನ ಮುಟ್ತಾರೇನೇ?" ಎಂದಳು ಅವ್ವ. "ಮುಟ್ಟಿದ್ರೆ ಸಾಯ್ತದೆ. ಬಿಟ್ರೆ ತಾನೇ ಏಳ್ತದೆ. ನೀನೂ ಪ್ರತಿ ಸಲ ಎದ್ದೆ. ಎದ್ದು ಒಂದು ತಟ್ಟೆ ಜಾಸ್ತಿ ಉಣ್ತಿದ್ದೆ."

"ನಾನು ಹುಳ ಅಲ್ಲ ಅವ್ವ."

"ಅಲ್ಲ. ಹುಳ ತಿರುಗಿ ಮಾತಾಡಲ್ಲ. ನಿಂಗೆ ಹೇಳಿದ್ರೆ ಕೇಳ್ತಿದ್ದಾ? ನನ್ನ ಎದುರಿಗೆ ನಿಲ್ಸಿ ನೂರು ಪ್ರಶ್ನೆ ಹಾಕಿ, ನಾನೇ ಕುರುಡಿ ಅಂತ ಮಾಡ್ತಿದ್ದೆ."

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ತೆಗೆದರು. ಚಾಚಾನಿಗೆ ನಾನು ಹಾಕಿದ ಪ್ರಶ್ನೆಗಳು ನೆನಪಾದವು. ಗೇಟಿನಿಂದ ಎಷ್ಟು ದೂರ, ಗಾಳಿ ಯಾವ ಕಡೆ.

ಯಾರ ತಪ್ಪು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಅವ್ವ ನೋಡಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಅದರಿಂದ ತಿಳಿದುಕೊಂಡದ್ದು ಪೂರ್ತಿ ತಪ್ಪು. ನನ್ನ ತರ್ಕ ಪೂರ್ತಿ ಸರಿ. ನೋಡಿದ್ದೇ ಏನೂ ಇಲ್ಲ. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬು ಎಂದು ಬೆಳೆದವಳಿಗೆ, ನಿನ್ನ ವಿಷಯದಲ್ಲಿ ನೀನೇ ಕಂಡವಳಲ್ಲ ಎಂದರೆ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದಿಲ್ಲ. ಗುಳಿಗೆ ಶುರುವಾದ ಮೊದಲ ತಿಂಗಳುಗಳಲ್ಲಿ ನಡೆಯುತ್ತಿದ್ದರೂ ನಿದ್ದೆ, ಮಾತಾಡುತ್ತಿದ್ದರೂ ಸಿಟ್ಟು. ಬಸ್ಸಿನಲ್ಲಿ ಒಂದು ನಿಲ್ದಾಣ ದಾಟಿದ್ದು ಗೊತ್ತಾಗದಿದ್ದರೆ ಪಕ್ಕದವರನ್ನು ಕೇಳುತ್ತಿದ್ದೆ: ನಾನು ಈಗ ಇಲ್ಲೇ ಇದ್ದೆನಾ? ಒಬ್ಬ ಹೆಂಗಸು, "ಇದ್ದೆ ಕಣಮ್ಮ, ಇಲ್ಲದೆ ಎಲ್ಲಿಗ್ ಹೋಗ್ತೀಯ," ಎಂದು ತನ್ನ ಸೊಪ್ಪಿನ ಬುಟ್ಟಿಯನ್ನು ನನ್ನ ಕಾಲ ಮೇಲೆ ಇಟ್ಟಳು. ಚಿಂತಾಮಣಿವರೆಗೂ ಆ ಭಾರ ಹಿತವಾಗಿತ್ತು.

ಬರೆದಿಡುವ ಕೆಲಸ ಅವ್ವನ ಪಾಲಿಗೆ ಬಂತು. ಹಗಲು ಮನೆಯಲ್ಲಿ ಇರುವವಳು ಅವಳೊಬ್ಬಳೇ. ಅವಳಿಗೆ ಬರೆಯಲು ಬಾರದು. ಅಡುಗೆಮನೆಯ ಹಸಿರು ಬಣ್ಣದ ಬಾಗಿಲಿನ ಒಳಬದಿಯಲ್ಲಿ, ನನಗೆ ಬಂದಾಗಲೆಲ್ಲ ಎಲೆಗೆ ಹಚ್ಚುವ ಸುಣ್ಣದಿಂದ ಒಂದು ಬೊಟ್ಟು ಇಡುತ್ತಿದ್ದಳು. ಸಂಜೆ ಅಮ್ಮ ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಹಾಕುತ್ತಿದ್ದಳು. ಮೊದಲ ತಿಂಗಳು ಐದು ಬೊಟ್ಟು. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಎರಡನೇ ತಿಂಗಳು ಎರಡು. ಮೂರನೆಯದರಲ್ಲಿ ಒಂದು. ಆಮೇಲೆ ಬಾಗಿಲು ಹಸಿರಾಗಿಯೇ ಉಳಿಯಿತು. ಪುಣೆಯ ಗಂಟೆ ಹೊಡೆದಿತ್ತು ಎಂದು ನಾನು ಕೋಚ್ ಮೇಡಂಗೆ ಫೋನು ಮಾಡಿ ಹೇಳಿದ್ದು ಆ ಮೂರನೇ ತಿಂಗಳಲ್ಲೇ. ಅವರು, "ಮತ್ತೆ ಸ್ಪೀಕರ್ ಪಾಪ ಸುಮ್ನೆ ಜಾಗ ಬದಲಾಯಿಸ್ತಲ್ಲೇ," ಎಂದರು.

ವಾರಕ್ಕೊಮ್ಮೆ ಅಪ್ಪನ ಜೊತೆ ಲಾಯಕ್ಕೆ ಹೋಗುತ್ತಿದ್ದೆ. ಹತ್ತುವಂತಿಲ್ಲ. ಚಾಚಾ ಜಮೀನ್ದಾರನನ್ನು ಹಗ್ಗ ಹಿಡಿದು ನಡೆಸುತ್ತಿದ್ದರು, ನಾನು ಪಕ್ಕದಲ್ಲಿ ನಡೆಯುತ್ತ ಖಾಲಿ ರಿಂಗಿನಲ್ಲಿ ಹೆಜ್ಜೆ ಎಣಿಸುತ್ತಿದ್ದೆ. ಎಣಿಕೆ ನಿಂತರೆ ಹ್ಞೂಂ ಎನ್ನುವುದು ಚಾಚಾನ ಕೆಲಸ. "ನಂಬ್ತೀಯಾ ಈಗ?" ಎಂದು ಕೇಳಿದರು ಒಂದು ದಿನ. "ನಂಬ್ತೀನಿ ಚಾಚಾ." "ಗಾಳಿ ಈ ಕಡೆ ಬೀಸ್ತಿದೆ, ಅದಕ್ಕೆ," ಎಂದರು.

ಗೆದ್ದು ಬಂದ ಕತೆ ಬೇಕಾದವರು ಇಲ್ಲಿಗೆ ನಿಲ್ಲಿಸಬಹುದು.

ಕೊನೆಯ ಬೊಟ್ಟು ಬಿದ್ದು ವರ್ಷ ತುಂಬಲು ಹತ್ತೊಂಬತ್ತು ದಿನವಿತ್ತು. ಮುಂದಿನ ಚಳಿಗಾಲದ ಕೂಟಗಳ ಪಟ್ಟಿ ಬಂದಿತ್ತು. ಸಂಜೆ ನಾಲ್ಕು ಗಂಟೆ. ಅಮ್ಮ ಶಾಲೆಯಲ್ಲಿ, ಅಪ್ಪ ಹಳ್ಳಿಯಲ್ಲಿ. ಅಡುಗೆಮನೆಯಲ್ಲಿ ನಾನೂ ಅವ್ವನೂ. ಅವ್ವ ಟೀ ಇಟ್ಟಳು. ಹಬೆಯಾಡುತ್ತಿತ್ತು. ನಾನು ಫೋನಿನಲ್ಲಿ ಪಟ್ಟಿ ನೋಡುತ್ತಿದ್ದೆ.

ಟೀ ಮೇಲೆ ಕೆನೆ ಕಟ್ಟಿತ್ತು. ಫೋನಿನ ಪರದೆ ಕಪ್ಪಾಗಿತ್ತು.

ಇಷ್ಟೇ. ಮನುಷ್ಯರು ಯೋಚನೆಯಲ್ಲಿ ಮುಳುಗುತ್ತಾರೆ, ಟೀ ಆರುತ್ತದೆ, ಪರದೆ ತಾನಾಗಿ ಆರುತ್ತದೆ. ನಾನು ಕೂಟಗಳ ಬಗ್ಗೆ ಯೋಚಿಸುತ್ತಿದ್ದೆ ಎಂದು ಅನ್ನಿಸುತ್ತಿತ್ತು. ತಲೆ ಎತ್ತಿದೆ. ಎದುರಿನ ಮಣೆಯ ಮೇಲೆ ಅವ್ವ, ಮುಂದೆ ತೆರೆದ ಎಲೆಅಡಿಕೆ ಡಬ್ಬಿ, ತೋರುಬೆರಳಿನ ತುದಿಯಲ್ಲಿ ಹಸಿ ಸುಣ್ಣ.

"ಅವ್ವ, ಬಂತಾ?"

"ಏನು?"

"ಏನು ಅಂತ ನಿಂಗೆ ಗೊತ್ತು."

"ನಾನು ನೋಡ್ಲಿಲ್ಲಮ್ಮ. ಎಲೆ ಹಾಕ್ಕೊಳಣ ಅಂತ ಕೂತಿದ್ದೆ."

"ಎಲೆ ಎಲ್ಲಿ?"

ಅವ್ವ ಡಬ್ಬಿಯೊಳಗೆ ನೋಡಿದಳು. ಅದರಲ್ಲಿ ಅಡಿಕೆ ಇತ್ತು, ಎಲೆ ಇರಲಿಲ್ಲ. "ಮುಗಿದೋಗಿದೆ," ಎಂದಳು. "ಯೋಚ್ನೆ ಮಾಡ್ತಾ ಕೂತಿದ್ದೆ ಕಣೇ ನೀನು. ಮನುಷ್ಯರು ಯೋಚ್ನೆ ಮಾಡಲ್ವಾ?"

"ಬಾಯಿ ಆಡ್ತಿತ್ತಾ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಆ ಕುದುರೆಗೆ ವಯಸ್ಸಾಯ್ತು, ಇದೊಂದೇ ವರ್ಷ ಅಂತ ನೀನೇ ಅಂದಿದ್ದೆ," ಎಂದಳು.

ಈ ಸಾಕ್ಷಿಯನ್ನು ನಾನು ಗೆಲ್ಲಬಹುದಿತ್ತು. ನೋಡಿಲ್ಲ ಎಂದು ಅವಳೇ ಹೇಳಿದ್ದಾಳೆ. ಎಲೆ ಮುಗಿದದ್ದು ಗೊತ್ತಿಲ್ಲದೆಯೂ ಬೆರಳಿಗೆ ಸುಣ್ಣ ತೆಗೆದುಕೊಳ್ಳುವವರಿದ್ದಾರೆ. ಸಂಶಯದ ಲಾಭ ಆರೋಪಿಗೆ. ಮಾತುಗಳು ಒಂದರ ಹಿಂದೆ ಒಂದು ಬಂದು ನಿಂತವು, ಪುಣೆಯಲ್ಲಿ ಬಂದ ಹಾಗೇ, ಅಷ್ಟೇ ಚೆನ್ನಾಗಿ. ಅವು ಅಷ್ಟು ಚೆನ್ನಾಗಿದ್ದದ್ದಕ್ಕೇ ನನಗೆ ಹೆದರಿಕೆಯಾಯಿತು.

ಎದ್ದು ಅವ್ವನ ಮುಂಗೈ ಹಿಡಿದು ಬಾಗಿಲ ಹತ್ತಿರ ಕರೆದುಕೊಂಡು ಹೋದೆ. ಅವಳು ಬೆರಳು ಮಡಚಿಕೊಂಡಳು.

"ವೊದ್ದಮ್ಮಾ, ಬೇಡ. ಅನುಮಾನಕ್ಕೂ ಬೊಟ್ಟು ಇಡ್ತಾರೇನೇ?"

"ಇಡ್ತಾರೆ ಅವ್ವ."

ಬೆರಳು ಬಿಡಿಸಿ, ಕೊನೆಯ ಬೊಟ್ಟಿನ ಕೆಳಗೆ ಒತ್ತಿದೆ. ಹಸಿ ಸುಣ್ಣ ಮೊದಲು ಸರಿಯಾಗಿ ಕಾಣುವುದಿಲ್ಲ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಅವ್ವ ಕೈ ಬಿಡಿಸಿಕೊಳ್ಳಲಿಲ್ಲ. ಅದು ಒಣಗುವವರೆಗೂ ಇಬ್ಬರೂ ಬಾಗಿಲ ಮುಂದೆ ನಿಂತಿದ್ದೆವು. ಆಮೇಲೆ ಅವಳು ಒಕಟಿ ಎಂದಳು.